ನೀರು ಮುಚ್ಚಿ ಕಟ್ಟಿದ ನೀರಂಚಿನ ಸ್ಟೇಡಿಯಂ

ಲಿವರ್‌ಪೂಲ್ ನಗರದ ಎವರ್ಟನ್ ಫುಟ್‌ಬಾಲ್ ಕ್ಲಬ್‌ಗೆ ನೀರಿನ ಪಕ್ಕದಲ್ಲೇ ಒಂದು ಸ್ಟೇಡಿಯಂ ಬೇಕು ಅನಿಸಿತು. ತಪ್ಪೇನಿಲ್ಲ. ಮರ್ಸಿ ನದಿ, ಸಂಜೆಯ ಗಾಳಿ, ಹಿಂದೆ ಹಡಗು, ಮುಂದೆ ಗೋಲು. ಯಾರಿಗೆ ಬೇಡ ಹೇಳಿ? ಹುಡುಕಿದಾಗ ಬ್ರಾಮ್ಲಿ-ಮೂರ್ ಡಾಕ್ ಸಿಕ್ಕಿತು. ಹಡಗುಗಳು ಬಂದು ನಿಲ್ಲಲೆಂದು 1848ರಲ್ಲಿ ತೆರೆದ, ಕಲ್ಲಿನ ಗೋಡೆಗಳ ನಡುವಿನ ವಿಶಾಲವಾದ ನೀರು. ಎಲ್ಲರಿಗೂ ಜಾಗ ಹಿಡಿಸಿತು. 2021ರಲ್ಲಿ ಸರ್ಕಾರದ ಒಪ್ಪಿಗೆಯೂ ಸಿಕ್ಕಿ ಕೆಲಸ ಶುರುವಾಯಿತು. ಅಲ್ಲಿ ನಡೆದ ಮೊದಲ ದೊಡ್ಡ ಕೆಲಸ ಆ ನೀರನ್ನು ಮುಚ್ಚಿದ್ದು.

ಐರಿಷ್ ಸಮುದ್ರದ ತಳದಿಂದ ಸುಮಾರು 4.8 ಲಕ್ಷ ಘನ ಮೀಟರ್ ಮರಳು ಎತ್ತಿ, ಹಡಗಿನಲ್ಲೇ ತಂದು ತುಂಬಿಸಿದರು. ಡಾಕ್ ಹುಟ್ಟಿದ್ದು ಹಡಗಿಗಾಗಿ, ಅದರ ಕಥೆ ಮುಗಿಸಿದ್ದೂ ಹಡಗೇ. ಹಾಗಂತ ಪೂರ್ತಿ ಮುಚ್ಚಿದರು ಅಂತ ಆರೋಪ ಮಾಡಬೇಡಿ. ಪಶ್ಚಿಮದ ಅಂಚಿನಲ್ಲಿ ಒಂದು ಕಾಲುವೆಯಷ್ಟು ನೀರು ಉಳಿಸಿದ್ದಾರೆ. ತಿಥಿಯ ದಿನ ಹಾರ ಹಾಕಿ ಇಡುವ ಫೋಟೋ ಥರ, ಇಲ್ಲೊಬ್ಬರು ಇದ್ದರು ಅಂತ ನೆನಪಾಗಲಿ ಎಂದು.

ಈ ಜಾಗ ಯಾರದೋ ಹಿತ್ತಿಲಲ್ಲ. ಲಿವರ್‌ಪೂಲ್‌ನ ಬಂದರು ಪ್ರದೇಶವನ್ನು ಯುನೆಸ್ಕೋ 2004ರಲ್ಲಿ ವಿಶ್ವ ಪರಂಪರೆಯ ತಾಣ ಎಂದು ಘೋಷಿಸಿತ್ತು. ಈ ಡಾಕ್ ಅದರೊಳಗೇ ಇತ್ತು. ಸುತ್ತಮುತ್ತ ಎತ್ತರದ ಕಟ್ಟಡಗಳ ಯೋಜನೆ ಬಂದಾಗ, 2012ರಲ್ಲಿ, ಯುನೆಸ್ಕೋ ಊರನ್ನು ಅಪಾಯದ ಪಟ್ಟಿಗೆ ಸೇರಿಸಿತು. ನಮ್ಮ ಹಂಪಿಯೂ ಸೇತುವೆ ಗಲಾಟೆಯಲ್ಲಿ 1999ರಿಂದ 2006ರವರೆಗೆ ಅದೇ ಪಟ್ಟಿಯಲ್ಲಿತ್ತು, ಹೇಗೋ ಪಾರಾಗಿ ಬಂತು. ಲಿವರ್‌ಪೂಲ್ ಪಾರಾಗಲಿಲ್ಲ. 2021ರ ಜುಲೈನಲ್ಲಿ ಚೀನಾದ ಫುಝೌನಲ್ಲಿ ಯುನೆಸ್ಕೋ ಸಮಿತಿಯ ಸಭೆ ಸೇರಿತು. 13 ಮತ ಹೊರಹಾಕಲು, 5 ಮತ ಉಳಿಸಲು. ಹೊರಬಿತ್ತು. ಇಡೀ ಪ್ರಪಂಚದಲ್ಲಿ ಹೀಗೆ ಬಿರುದು ಕಳೆದುಕೊಂಡ ಮೂರನೆಯ ಜಾಗ ಇದು. ಮೊದಲನೆಯದು ಒಮಾನ್ ದೇಶದ ಓರಿಕ್ಸ್ ಜಿಂಕೆಗಳ ಅಭಯಾರಣ್ಯ, ಎರಡನೆಯದು ಜರ್ಮನಿಯ ಡ್ರೆಸ್ಡೆನ್ ಕಣಿವೆ. ಲೀಗ್‌ನಲ್ಲಿ ಮೊದಲ ಮೂರರೊಳಗೆ ಬರೋಕೆ ಎವರ್ಟನ್ ವರ್ಷಗಟ್ಟಲೆ ಒದ್ದಾಡುತ್ತಿದೆ. ಊರಿಗೆ ಮಾತ್ರ ಒಂದೇ ಏಟಿಗೆ ಮೂರನೇ ಸ್ಥಾನ.

ನಗರದ ನಾಯಕರಿಗೆ ಸಿಟ್ಟು ಬಂತು. ಪ್ರಪಂಚದ ಇನ್ನೊಂದು ತುದಿಯಲ್ಲಿ ಕೂತವರಿಗೆ ನಮ್ಮ ಊರಿನ ಕಷ್ಟ ಏನು ಗೊತ್ತು ಎಂದರು. ಬಿರುದು ಬಂದ ದಿನವೂ ಅವರು ಅಷ್ಟೇ ದೂರದಲ್ಲಿ ಕೂತಿದ್ದರು. ಆಗ ಆ ದೂರ ಯಾರಿಗೂ ಕಾಣಿಸಿರಲಿಲ್ಲ.

ಇನ್ನು ಯುನೆಸ್ಕೋ ಪರವಾಗಿ ಕಣ್ಣೀರು ಹಾಕೋಣ ಅಂದ್ರೆ ಅದೂ ಸ್ವಲ್ಪ ಕಷ್ಟ. ಈ ಡಾಕ್‌ನಿಂದ ಒಂದು ಕಾಲದಲ್ಲಿ ಕಲ್ಲಿದ್ದಲು ಹೋಗುತ್ತಿತ್ತು. ಆ ವ್ಯಾಪಾರ ನಿಂತ ಮೇಲೆ ಸುತ್ತಲೂ ಜೆಸ್ಸಿ ಹಾರ್ಟ್ಲಿ ಎಂಬ ಎಂಜಿನಿಯರ್ ಕಟ್ಟಿಸಿದ ಗಟ್ಟಿ ಕಲ್ಲಿನ ಗೋಡೆ, ಒಳಗೆ ಸುಮ್ಮನೆ ನಿಂತ ನೀರು. ರಸ್ತೆಯಲ್ಲಿ ಹೋಗುವ ಊರಿನವನಿಗೆ ಕಾಣಿಸುತ್ತಿದ್ದದ್ದು ಗೋಡೆ ಮಾತ್ರ. ಇಡೀ ಮನುಕುಲದ ಆಸ್ತಿ ಎಂದು ಹೆಸರು, ಪಕ್ಕದ ಬೀದಿಯ ಮಕ್ಕಳಿಗೆ ಒಳಗೆ ಹೋಗೋಕೆ ಬಿಡುತ್ತಿರಲಿಲ್ಲ. ಒಬ್ಬರು ನೋಡಲು ಬಿಡದೆ ಕಾಪಾಡಿದರು, ಇನ್ನೊಬ್ಬರು ಮುಚ್ಚಿ ನೋಡಲು ಬಿಟ್ಟರು.

ಬೆಂಗಳೂರಿನವರು ಇದನ್ನೆಲ್ಲ ಓದಿ ಜಾಸ್ತಿ ನಗಬಾರದು. ನೀರು ಮುಚ್ಚಿ ಆಟದ ಮೈದಾನ ಮಾಡುವ ವಿದ್ಯೆಯಲ್ಲಿ ನಾವು ಅವರಿಗಿಂತ ಸೀನಿಯರ್. ಸಂಪಂಗಿ ಕೆರೆಯ ಮೇಲೆ ಕಂಠೀರವ ಕ್ರೀಡಾಂಗಣ. ಶೂಲೆ ಕೆರೆಯ ಜಾಗದಲ್ಲಿ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ. ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ. ನಮಗೂ ಅವರಿಗೂ ಒಂದೇ ವ್ಯತ್ಯಾಸ. ಕೆರೆ ಮುಚ್ಚಿದ ಮೇಲೆ ಅದನ್ನು ಕೆರೆಯಂಚಿನ ಸ್ಟೇಡಿಯಂ ಅಂತ ಕರೆಯುವಷ್ಟು ಧೈರ್ಯ ನಮಗೆ ಬರಲಿಲ್ಲ.

ಸರಿ, ದುಡ್ಡಿನ ವಿಷಯಕ್ಕೆ ಬರೋಣ. ನಿಜವಾದ ರಸ ಇರೋದು ಇಲ್ಲೇ.

ಎವರ್ಟನ್‌ಗೆ ಹೊಸ ಸ್ಟೇಡಿಯಂ ಕನಸು ಹೊಸದಲ್ಲ. ಮೊದಲು ಇದೇ ನದಿಯ ದಂಡೆಯ ಕಿಂಗ್ಸ್ ಡಾಕ್ ಅಂದರು. ತನ್ನ ಪಾಲಿನ 3 ಕೋಟಿ ಪೌಂಡ್ ಹೊಂದಿಸಲಾಗದೆ ಅದು 2003ರಲ್ಲಿ ಬಿದ್ದುಹೋಯಿತು. ಆಮೇಲೆ ಟೆಸ್ಕೋ ಸೂಪರ್‌ಮಾರ್ಕೆಟ್ ಜೊತೆ ಸೇರಿ ನಗರದ ಗಡಿಯಾಚೆಯ ಕರ್ಕ್‌ಬಿಯಲ್ಲಿ ಕಟ್ಟುತ್ತೇವೆ ಅಂದರು. 2009ರಲ್ಲಿ ಸರ್ಕಾರ ಬೇಡ ಅಂತು. ಹೀಗಿರುವಾಗ 2016ರಲ್ಲಿ ಫರ್ಹಾದ್ ಮೊಶಿರಿ ಎಂಬ ಶ್ರೀಮಂತರು ಕ್ಲಬ್‌ನಲ್ಲಿ ಪಾಲು ಕೊಂಡು ಬಂದರು. ಅವರ ಹಳೇ ವ್ಯಾಪಾರದ ಗೆಳೆಯ ರಷ್ಯಾದ ಅಲಿಶೇರ್ ಉಸ್ಮಾನೋವ್. 2020ರ ಜನವರಿಯಲ್ಲಿ ಉಸ್ಮಾನೋವ್ ಅವರ ಯುಎಸ್‌ಎಂ ಕಂಪನಿ 3 ಕೋಟಿ ಪೌಂಡ್ ಕೊಟ್ಟಿತು. ಯಾವುದಕ್ಕೆ? ಸ್ಟೇಡಿಯಂಗೆ ಹೆಸರಿಡೋಕಲ್ಲ. ಮುಂದೆ ಹೆಸರಿಡುವ ಮಾತು ಬಂದರೆ ಮೊದಲು ನಮ್ಮನ್ನು ಕೇಳಿ ಅನ್ನೋದಕ್ಕೆ. ಆಗ ಸ್ಟೇಡಿಯಂ ಇರಲಿಲ್ಲ, ಕಟ್ಟಲು ಒಪ್ಪಿಗೆಯೂ ಇರಲಿಲ್ಲ, ಇದ್ದದ್ದು ಡಾಕ್‌ನ ನೀರು. ಮಗು ಹುಟ್ಟುವ ಮೊದಲು ಕುಲಾವಿ ಹೊಲಿಸಿದವರನ್ನು ನೋಡಿ ನಗುತ್ತಿದ್ದೆವು. ಇಲ್ಲಿ ಮದುವೆ ನಿಶ್ಚಯವಾಗುವ ಮೊದಲೇ ನಾಮಕರಣಕ್ಕೆ ಮುಂಗಡ ಕೊಟ್ಟಾಗಿತ್ತು. 2022ರಲ್ಲಿ ರಷ್ಯಾ ಯುಕ್ರೇನ್ ಮೇಲೆ ದಾಳಿ ಮಾಡಿತು, ಉಸ್ಮಾನೋವ್ ಮೇಲೆ ನಿರ್ಬಂಧ ಬಿತ್ತು, ಆ ನಂಟೂ ಅಲ್ಲಿಗೆ ಮುಗಿಯಿತು.

ಖರ್ಚು ಮಾತ್ರ ನಿಲ್ಲಲಿಲ್ಲ. 50 ಕೋಟಿ ಪೌಂಡ್ ಎಂದು ಶುರುವಾದದ್ದು 76 ಕೋಟಿ ದಾಟಿತು. ಮೂರು ವರ್ಷದಲ್ಲಿ ಒಂದು ಕ್ಲಬ್ 10.5 ಕೋಟಿ ಪೌಂಡ್‌ಗಿಂತ ಹೆಚ್ಚು ನಷ್ಟ ಮಾಡಿಕೊಳ್ಳಬಾರದು ಅಂತ ಇಂಗ್ಲೆಂಡಿನ ಮೊದಲ ದರ್ಜೆಯ ಲೀಗ್ ಆದ ಪ್ರೀಮಿಯರ್ ಲೀಗ್‌ನ ಆಗಿನ ನಿಯಮ. ಎವರ್ಟನ್ ಲೆಕ್ಕ 12.45 ಕೋಟಿಗೆ ನಿಂತಿತು. ಸ್ಟೇಡಿಯಂ ಸಾಲದ ಬಡ್ಡಿಯನ್ನು ನಷ್ಟಕ್ಕೆ ಸೇರಿಸಬೇಡಿ ಎಂದು ಕ್ಲಬ್ ವಾದ ಮಾಡಿ ನೋಡಿತು. ಕೇಳಲಿಲ್ಲ. 2023ರ ನವೆಂಬರ್‌ನಲ್ಲಿ 10 ಅಂಕ ಕಿತ್ತುಕೊಂಡರು. ಮೇಲ್ಮನವಿ ಹಾಕಿದ ಮೇಲೆ ಅದು 6 ಆಯಿತು. ಅಬ್ಬಾ ಅನ್ನುವಷ್ಟರಲ್ಲಿ ಮುಂದಿನ ವರ್ಷದ ಲೆಕ್ಕಕ್ಕೆ ಇನ್ನೂ 2 ಹೋಯಿತು. ದಂಡೆಯಲ್ಲಿ ಸ್ಟೇಡಿಯಂ ಮೇಲೇರುತ್ತಿತ್ತು, ಪಟ್ಟಿಯಲ್ಲಿ ತಂಡ ಕೆಳಗಿಳಿಯುತ್ತಿತ್ತು. ಕೆಳಗಿನ ದರ್ಜೆಯ ಲೀಗ್‌ಗೆ ಬಿದ್ದು, ದೇಶದ ಅತ್ಯಂತ ಚೆಂದದ ಎರಡನೇ ದರ್ಜೆ ಸ್ಟೇಡಿಯಂ ಆಗುತ್ತೇನೋ ಅಂತ ಅಭಿಮಾನಿಗಳಿಗೆ ನಿದ್ದೆ ಇರಲಿಲ್ಲ. ಬೀಳಲಿಲ್ಲ, ಪುಣ್ಯ. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಫ್ರೀಡ್ಕಿನ್ ಗ್ರೂಪ್ ಕ್ಲಬ್ಬನ್ನು ಕೊಂಡಿತು.

ಕೊನೆಗೆ ಹೆಸರೂ ಸಿಕ್ಕಿತು. ಶುರುವಿನಲ್ಲಿ ಇದಕ್ಕೆ ಜನರ ಯೋಜನೆ ಅಂತ ಹೆಸರಿತ್ತು. ಜನರನ್ನು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಕೇಳಿದ್ದೂ ನಿಜ. ಆದರೆ ಗೋಡೆಯ ಮೇಲೆ ಬರೆಯುವಾಗ ಹಿಲ್ ಡಿಕಿನ್ಸನ್ ಸ್ಟೇಡಿಯಂ ಅಂತ ಬರೆದರು. ಅದೊಂದು ವಕೀಲರ ಕಂಪನಿ. 1810ರಿಂದ ಇದೇ ಊರಿನಲ್ಲಿದೆ, ಹಡಗು ವ್ಯಾಜ್ಯಗಳಲ್ಲಿ ದೊಡ್ಡ ಹೆಸರು. ಹಡಗು ಬರದ ಡಾಕ್‌ಗೆ ಹಡಗಿನ ವಕೀಲರ ಹೆಸರು. ಇಷ್ಟು ಚೆನ್ನಾಗಿ ಹೊಂದುವ ಹೆಸರನ್ನು ಬೇಕು ಅಂತ ಹುಡುಕಿದರೂ ಸಿಗುತ್ತಿರಲಿಲ್ಲ.

ಸುತ್ತಲಿನ ಅಭಿವೃದ್ಧಿ ಕಥೆ ಬೇರೆ. ಲಿವರ್‌ಪೂಲ್ ವಾಟರ್ಸ್ ಎಂಬ ಯೋಜನೆ, 60 ಹೆಕ್ಟೇರ್, 550 ಕೋಟಿ ಪೌಂಡ್, 30 ವರ್ಷ. ಚಿತ್ರಗಳಲ್ಲಿ ಶಾಂಘೈ ಟವರ್ ಎಂಬ ಗೋಪುರ ಇತ್ತು. ಊರಿನ ಬಿರುದು ಕಸಿಯುವಷ್ಟು ಭಯ ಹುಟ್ಟಿಸಿದ ಆ ಗೋಪುರ ಇವತ್ತಿಗೂ ಕಾಗದ ಬಿಟ್ಟು ಎದ್ದಿಲ್ಲ. ಇಂಥ ಕಂಪ್ಯೂಟರ್ ಚಿತ್ರಗಳ ಊರೇ ಬೇರೆ. ಅಲ್ಲಿ ಯಾವಾಗಲೂ ಬಿಸಿಲು. ಲಿವರ್‌ಪೂಲ್‌ನಲ್ಲಿ! ಎಲ್ಲರ ಕೈಯಲ್ಲೂ ಕಾಫಿ ಲೋಟ, ಒಂದು ನಾಯಿ, ಒಂದು ಬಲೂನು ಹಿಡಿದ ಮಗು. ಕಾರು ಇರುವುದಿಲ್ಲ, ಸರತಿ ಸಾಲು ಇರುವುದಿಲ್ಲ, ವಾಸನೆಯಂತೂ ಬರುವುದೇ ಇಲ್ಲ. ಸ್ಟೇಡಿಯಂನ ಉತ್ತರಕ್ಕೆ, ಪಕ್ಕದಲ್ಲೇ, ಊರಿನ ಕೊಳಚೆ ನೀರು ಶುದ್ಧ ಮಾಡುವ ಘಟಕ ಇರುವುದರಿಂದ ಈ ಮಾತು ಹೇಳಬೇಕಾಯಿತು.

ಎದ್ದು ನಿಂತದ್ದು ಏನೂ ಇಲ್ಲ ಅಂತಲ್ಲ. ಐಲ್ ಆಫ್ ಮ್ಯಾನ್ ದ್ವೀಪಕ್ಕೆ ಹೋಗುವ ದೋಣಿಗಳ ಟರ್ಮಿನಲ್ ಇದೆ. ಆ ಪುಟ್ಟ ದ್ವೀಪದ ಸರ್ಕಾರ 3.8 ಕೋಟಿ ಪೌಂಡ್ ಅಂದುಕೊಂಡು ಹೊರಟು 7 ಕೋಟಿ ದಾಟಿಸಿತು. ಲಿವರ್‌ಪೂಲ್ ದಂಡೆಯ ಉದ್ಧಾರಕ್ಕೆ ಸಮುದ್ರದಾಚೆಯವರ ಇಷ್ಟು ತ್ಯಾಗ ಸಾಕಲ್ವಾ?

ಅಭಿವೃದ್ಧಿಯಲ್ಲಿ ಎಲ್ಲರಿಗಿಂತ ಮುಂಚೆ ಬಂದದ್ದು ಪಾರ್ಕಿಂಗ್ ಫಲಕ. ಪಂದ್ಯದ ದಿನ ಸ್ಟೇಡಿಯಂನಿಂದ ಅರ್ಧ ಗಂಟೆಯ ನಡಿಗೆಯಷ್ಟು ದೂರದವರೆಗೆ ನಗರಸಭೆ ಪಾರ್ಕಿಂಗ್‌ಗೆ ನಿರ್ಬಂಧ ಹಾಕಿತು. ಈ ಪಾಳುಬಿದ್ದ ಬೀದಿಗಳಲ್ಲಿ ಯಾರೂ ಬಾರದ ದಿನಗಳಲ್ಲೂ ಗ್ಯಾರೇಜು, ಗೋದಾಮು, ಚಿಕ್ಕ ಬಿಯರ್ ತಯಾರಿಕೆ ಅಂತ ಬದುಕಿದ್ದವರಿಗೆ ಗಿರಾಕಿಗಳ ಕಾರು ಎಲ್ಲಿ ನಿಲ್ಲಿಸೋದು ಅಂತ ತಲೆಬಿಸಿ. ಯಾರ ಉದ್ಧಾರಕ್ಕೆ ಇದೆಲ್ಲ ಅಂದಿದ್ದರೋ ಅವರೇ ಪ್ರತಿಭಟನೆಗೆ ನಿಂತರು. ಕಾರು ಬೇಡ, ರೈಲಲ್ಲಿ ಬನ್ನಿ ಅಂದರೆ ಹತ್ತಿರದ ನಿಲ್ದಾಣ ಸ್ಯಾಂಡ್‌ಹಿಲ್ಸ್. ಚಿಕ್ಕದು. ಸ್ಟೇಡಿಯಂನಲ್ಲಿ ಕೂರುವವರು ಸುಮಾರು 52 ಸಾವಿರ. ನಿಲ್ದಾಣವನ್ನು ದೊಡ್ಡದು ಮಾಡುವ ಬದಲು ಹೊರಗೆ ಸಾಲು ನಿಲ್ಲೋಕೆ ಬೇಲಿ ಹಾಕಿದ ಜಾಗ ಮಾಡಿದರು.

ಒಳಗೆ ಕೂತವರಿಗೆ ಮಾತ್ರ ದೂರಿಲ್ಲ. 2025ರ ಆಗಸ್ಟ್ 24ರಂದು ಮೊದಲ ಲೀಗ್ ಪಂದ್ಯ, ಬ್ರೈಟನ್ ವಿರುದ್ಧ 2-0 ಗೆಲುವು. ಕ್ಲಬ್‌ನ ಹಳೇ ಸ್ಟೇಡಿಯಂ ಗುಡಿಸನ್ ಪಾರ್ಕ್‌ನಲ್ಲಿ ಕಂಬದ ಹಿಂದೆ ಕೂತು, ಪಕ್ಕದವನು ಕೂಗಿದರೆ ಗೋಲು ಅಂತ ತಿಳಿದುಕೊಳ್ಳುತ್ತಿದ್ದವರಿಗೆ ಇದು ಸ್ವರ್ಗವೇ. ನ್ಯಾಯವಾಗಿ ಹೇಳಬೇಕು, ಸ್ಟೇಡಿಯಂ ನಿಜಕ್ಕೂ ಚೆಂದ ಇದೆ.

ಎರಡು ಮೈಲಿ ಆಚೆ ಗುಡಿಸನ್ ಇದ್ದ ವಾಲ್ಟನ್‌ನಲ್ಲಿ 1892ರಿಂದ ಪಂದ್ಯದ ದಿನದ ವ್ಯಾಪಾರ ನಂಬಿಕೊಂಡ ಪಬ್‌ಗಳು, ಚಿಪ್ಸ್ ಅಂಗಡಿಗಳು ಇದ್ದವು. ಡಾಕ್ ಕಡೆ ಹೋದ 52 ಸಾವಿರ ಜನ ಆಕಾಶದಿಂದ ಇಳಿದವರಲ್ಲ, ಬಹುಪಾಲು ಇವರ ಗಿರಾಕಿಗಳೇ. ಗುಡಿಸನ್ ಕೆಡವಿ ಅಲ್ಲಿ ಮನೆ, ಆಸ್ಪತ್ರೆ, ಉದ್ಯಾನ ಮಾಡುತ್ತೇವೆ ಅಂತ ಅದಕ್ಕೂ ಒಂದು ಚಿತ್ರ ತಯಾರಾಗಿತ್ತು, ಬಿಸಿಲಿನ ಸಮೇತ. ಆಮೇಲೆ 2025ರಲ್ಲಿ ಯಾರಿಗೋ ಸರಳವಾದ ಯೋಚನೆ ಹೊಳೆಯಿತು. ಕೆಡವದೆ ಎವರ್ಟನ್ ಮಹಿಳಾ ತಂಡಕ್ಕೆ ಕೊಟ್ಟರು. ಹೆಣ್ಣುಮಕ್ಕಳು ಬಂದರು, ಆಡಿದರು. ಎರಡು ದಶಕದ ಈ ಗದ್ದಲದಲ್ಲಿ ಕಾಫಿ ಲೋಟದ ಚಿತ್ರವಿಲ್ಲದೆ, ಮರಳಿಲ್ಲದೆ, ಚೀನಾದಲ್ಲಿ ಮತದಾನವಿಲ್ಲದೆ ನಡೆದ ಉದ್ಧಾರ ಅದೊಂದೇ.