ಕೂರಿಗೆ ಭತ್ತದ ಮೊದಲ ತಿಂಗಳು

ಖಾನಾಪುರ ಕಡೆಯ ನಮ್ಮ ಊರಲ್ಲಿ ಈ ವಾರ ಎಲ್ಲರದೂ ಒಂದೇ ಪ್ರಶ್ನೆ. "ಕಸಕ್ಕ ಯಾವ ಔಷಧಿ ಹೊಡದಿ?" ಕಸ ಅಂದರೆ ಹೊಲದ ಕಳೆ. ಬಿತ್ತಿ ಎಷ್ಟನೇ ದಿನಕ್ಕೆ ಹೊಡೆದೆ ಅಂತ ಮಾತ್ರ ಒಬ್ಬರೂ ಕೇಳುವುದಿಲ್ಲ. ನನಗೆ ಸಂಕಟ ಆಗುವುದು ಅದಕ್ಕೇ.

ನಾಟಿ ಗದ್ದೆಯ ಲೆಕ್ಕ ಬೇರೆ. ಅಲ್ಲಿ ಮೂರ್ನಾಲ್ಕು ವಾರದ ಸಸಿ ಹಚ್ಚಿ ನೀರು ನಿಲ್ಲಿಸುತ್ತಾರೆ. ಕಸ ಕಣ್ಣು ಬಿಡುವ ಹೊತ್ತಿಗೆ ಭತ್ತ ಮುಂದೆ ಹೋಗಿರುತ್ತದೆ. ನಮ್ಮದು ಒಣ ಮಣ್ಣಲ್ಲಿ ಸಾಲು ಹಿಡಿದು ಕಾಳು ಬಿಡುವ ಕೂರಿಗೆಯ ಬಿತ್ತನೆ. ಬಿತ್ತಿದ ಕಾಳು, ಮಣ್ಣಲ್ಲಿದ್ದ ಕಾಡುಸಾವೆ (ಭತ್ತದಂತೆಯೇ ಕಾಣುವ ಕಳೆ ಹುಲ್ಲು) ಬೀಜ, ಎರಡೂ ಒಂದೇ ಮಳೆಗೆ ಮೇಲೇಳುತ್ತವೆ. ಹಾಗೇ ಬಿಟ್ಟರೆ ಅರ್ಧ ಬೆಳೆ ಕಸದ ಪಾಲು. ಕೆಲವು ಸಲ ಅದಕ್ಕಿಂತ ಜಾಸ್ತಿ.

ಹೋದ ವರ್ಷ ನನ್ನ ಹೊಲದಲ್ಲೇ ಹೀಗಾಯಿತು. ಮಳೆ ಬಿಡಲಿಲ್ಲ, ಆಳು ಸಿಗಲಿಲ್ಲ, ಬಿತ್ತಿ 40 ದಿನ ದಾಟಿತು. ಔಷಧಿ ಅಂಗಡಿಯವರು "ಬಿಸ್ಪೈರಿಬ್ಯಾಕ್ ಹೊಡೀರಿ, ಎಲ್ಲಾ ಹೋಗತೈತಿ" ಅಂದರು. ಬೆಳೆ ಎಷ್ಟು ದಿನದ್ದು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಔಷಧಿ ಹೊಡೆಯುವ ಹೊತ್ತು ಬಿತ್ತಿದ 15ರಿಂದ 25 ದಿನದೊಳಗೆ. ಕಸಕ್ಕೆ ಎರಡರಿಂದ ನಾಲ್ಕು ಎಲೆ ಇರಬೇಕು, ಮಣ್ಣಲ್ಲಿ ಹಸಿ ಇರಬೇಕು. ನನ್ನ ಹೊಲದ ಕಾಡುಸಾವೆ ಮೊಣಕಾಲಿಗೆ ಬಂದಿತ್ತು. ತುದಿ ಸ್ವಲ್ಪ ಹಳದಿಯಾಯಿತು, ಆಮೇಲೆ ಮತ್ತೆ ಚಿಗುರಿತು. ದುಡ್ಡೂ ಹೋಯಿತು, ಬೆಳೆಗೂ ಏಟು ಬಿತ್ತು.

ಕೊನೆಗೆ ಕೈಯಿಂದಲೇ ಕೀಳಬೇಕಾಯಿತು. ನಾನೂ ಸಾಲಿಗೆ ಕೂತೆ. ಒಂದು ತಾಸಿನಲ್ಲಿ ಎಷ್ಟು ಭತ್ತ ಕಿತ್ತೆನೋ! ಕಸ ಕೀಳಲು ಬಂದಿದ್ದ ದೊಡ್ಡವ್ವ ತನ್ನ ಕುರ್ಪಿ ಬದಿಗಿಟ್ಟು ಎರಡು ಗಿಡ ನನ್ನ ಕೈಗೆ ಕೊಟ್ಟಳು. "ತಮ್ಮಾ, ಎಲಿ ನೋಡಬ್ಯಾಡ. ಎಲಿ ಕೂಡೂ ಸಂದ ನೋಡು." ನೋಡಿದೆ. ಭತ್ತದಲ್ಲಿ ಎಲೆ ದಂಟಿಗೆ ಕೂಡುವಲ್ಲಿ ಬಿಳಿ ಪೊರೆಯ ಪುಟ್ಟ ನಾಲಿಗೆ ಇತ್ತು, ಎರಡು ಕಡೆ ಕೂದಲಿದ್ದ ಸಣ್ಣ ಕಿವಿ. ಕಾಡುಸಾವೆಯಲ್ಲಿ ಏನೂ ಇಲ್ಲ, ಬೋಳು. ನಾನು ಕಣ್ಣಿಗೆ ಹಿಡಿದು ನೋಡಿದ್ದನ್ನು ಅವಳು ಕೈ ಓಡುತ್ತಿರುವಾಗಲೇ ಬೇರ್ಪಡಿಸುತ್ತಾಳೆ. ಇಂಥ ಕೆಲಸಕ್ಕೆ ನಾವು ಹೆಣ್ಣಾಳು ಅಂತ ಪಗಾರ ಕಡಿಮೆ ಕೊಡುತ್ತೇವೆ. ಇದು ನ್ಯಾಯ ಅಲ್ಲ ಅಂತ ಅವತ್ತೇ ಅನಿಸಿತು.

ನಾನು ಔಷಧಿ ಬೇಡ ಅನ್ನುವವನಲ್ಲ. ಆದರೆ ತಡ ಮಾಡಿದವನನ್ನು ಯಾವ ಡಬ್ಬಿಯೂ ಕಾಯುವುದಿಲ್ಲ. ವರ್ಷವೂ ಅದೇ ಔಷಧಿ ಹೊಡೆದರೆ ಅದಕ್ಕೆ ಬಗ್ಗದ ಕಸವೇ ಹೊಲ ತುಂಬುತ್ತದೆ, ಇದನ್ನು ನೆನಪಿಡಬೇಕು. ಜೇಕು ಅನ್ನುವ ಗಡ್ಡೆಯ ಕಸ ಅಂತೂ ಬೇರೆಯೇ ಜಾತಿ. ಮೇಲೆ ಕೊಯ್ದರೆ ಅಡಿಯ ಗಡ್ಡೆ ಮತ್ತೆ ಮೊಳೆಯುತ್ತದೆ. ಬೇಸಿಗೆಯಲ್ಲಿ ಉತ್ತು ಗಡ್ಡೆ ಬಿಸಿಲಿಗೆ ಒಣಗಿಸಬೇಕು, ಅದೂ ಒಂದೇ ವರ್ಷಕ್ಕೆ ಮುಗಿಯುವುದಿಲ್ಲ.

ಈ ವರ್ಷ ಮೇ ತಿಂಗಳ ಅಡ್ಡಮಳೆಗೆ ಕಸ ಹುಟ್ಟಲು ಬಿಟ್ಟೆ. ಹಸಿರು ಕಂಡ ಕೂಡಲೇ ಕುಂಟೆ ಹೊಡೆದು ಅದನ್ನು ಕಿತ್ತುಹಾಕಿದೆ, ಆಮೇಲೆ ಬಿತ್ತಿದೆ. ಮಳೆ ಬಿದ್ದು ಮಣ್ಣು ಹಸಿಯಾದ ಮಾರನೇ ದಿನ, ಮೊಳಕೆ ಮೇಲೆ ಬರುವ ಮುಂಚೆ, ಕಸ ಹುಟ್ಟದಂತೆ ತಡೆಯುವ ಪೆಂಡಿಮೆಥಾಲಿನ್ ಔಷಧಿ ಹೊಡೆದೆ. ಕಸ ಪೂರ್ತಿ ಹೋಗಿಲ್ಲ, ಆದರೆ ಸಾಲು ಕಣ್ಣಿಗೆ ಕಾಣುತ್ತಿದೆ.

ಬಿತ್ತಿ ಇವತ್ತಿಗೆ 18 ದಿನ. ಮಧ್ಯಾಹ್ನದಿಂದ ಮಳೆ ಹೊಳವು ಕೊಟ್ಟಿದೆ. ಹೀಗೇ ಇದ್ದರೆ ನಾಡಿದ್ದು ಎತ್ತು ಕಟ್ಟಿ ಸಾಲುಗಳ ನಡುವೆ ಎಡೆಕುಂಟೆ ಹೊಡೆಸುತ್ತೇನೆ. ಸಾಲಿನೊಳಗೆ ಉಳಿದ ಕಸ ತೆಗೆಯಲು ದೊಡ್ಡವ್ವನಿಗೂ ಅವಳ ಜೊತೆಯ ನಾಲ್ವರಿಗೂ ಹೇಳಿ ಬಂದಿದ್ದೇನೆ. ಎತ್ತು ಹೊಡೆಯುವವನಿಗೆ ಎಷ್ಟೋ ಅವರಿಗೂ ಅಷ್ಟೇ ಪಗಾರ.