ಹುಬ್ಬಳ್ಳಿಗೆ ಯಾರೂ ಅಫಿಡವಿಟ್ ಕೇಳಲಿಲ್ಲ

ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಸರಿ ಇದೆಯಾ ನೋಡಿಕೊಳ್ಳಿ, ತಪ್ಪಿದ್ದರೆ ಫಾರ್ಮ್ 8 ತುಂಬಿ ಅನ್ನೋದು ಮತ್ತೆ ಶುರುವಾಗಿದೆ. ಒಳ್ಳೆಯದೇ. ನಮ್ಮ ಕಡೆ ಎಲ್ಲಾ ಕಾಗದದಲ್ಲೂ ಹೆಸರು ಸರಿ ಇರುವ ಮನುಷ್ಯ ಸಿಕ್ಕರೆ ಸನ್ಮಾನ ಮಾಡಬೇಕು.

ಮೆಣಸಿನಕಾಯಿ, ಬೆಲ್ಲದ, ಉಳ್ಳಾಗಡ್ಡಿ ಅಂತ ಅಡ್ಡಹೆಸರು ಇಟ್ಟುಕೊಂಡು ಆರಾಮಾಗಿದ್ದ ಜನ ನಾವು. ಇಂಗ್ಲಿಷಿನಲ್ಲಿ ಬರೆಯಿರಿ ಅಂದಾಗ ಗೋಳು ಹತ್ತಿಕೊಂಡಿತು. ವೋಟರ್ ಕಾರ್ಡಿನವರು ಮೆಣಸಿನಕಾಯಿಯನ್ನು ಉದ್ದ ಮಾಡಿದರು, ಆಧಾರ್‌ನವರು ಗಿಡ್ಡ ಮಾಡಿದರು, ಪ್ಯಾನ್ ಕಾರ್ಡಿನಲ್ಲಿ ಅಪ್ಪನೇ ಮುಂದೆ ಬಂದು ಕುಂತ. ಒಬ್ಬನೇ ಆಸಾಮಿ ಈಗ ಮೂವರು. ಓಟು ಮಾತ್ರ ಒಂದೇ, ಅದೊಂದು ಅನ್ಯಾಯ. ಹುಟ್ಟಿದ ದಿನದ ಸುದ್ದಿಯಂತೂ ಬೇಡವೇ ಬೇಡ. ಶಾಲೆ ಮಾಸ್ತರರ ಕೃಪೆಯಿಂದ ಗದಗಿನಿಂದ ಹಾವೇರಿವರೆಗೆ ಅರ್ಧ ಊರು ಜೂನ್ 1ಕ್ಕೇ ಹುಟ್ಟಿದೆ.

ಹೆಂಗಸರದು ಇನ್ನೂ ಮಜಾ. ತವರಿನ ನೀಲವ್ವ ಮದುವೆ ದಿನ ಗಿರಿಜಾ ಆಗುತ್ತಾಳೆ. ಪಂಕ್ತಿ ಏಳುವುದರೊಳಗೆ ಹೆಸರು ಬದಲು, ಗೆಜೆಟ್ ಇಲ್ಲ, ನೋಟರಿ ಇಲ್ಲ. ಮುಪ್ಪಿನಲ್ಲಿ ಪಿಂಚಣಿಗೆ ಹೋದಾಗ ಕೌಂಟರಿನಿಂದ ಪ್ರಶ್ನೆ: "ಈ ನೀಲವ್ವ ಯಾರ್ರೀ?"

ಹೆಸರು ಬದಲಿಸಿಕೊಂಡರೆ ನಮ್ಮ ಊರಿನ ಹಾಗೆ ಬದಲಿಸಿಕೊಳ್ಳಬೇಕು. 2014ರ ನವೆಂಬರ್ 1ಕ್ಕೆ ಹುಬ್ಳಿ ಹೋಗಿ ಹುಬ್ಬಳ್ಳಿ ಆಯ್ತು. 2020ರಲ್ಲಿ ರೈಲ್ವೆ ಸ್ಟೇಷನ್ನಿಗೆ ಸಿದ್ಧಾರೂಢ ಸ್ವಾಮೀಜಿಯವರ ಹೆಸರು ಬಂತು. ಖುಷಿಯೇ, ಬೇಜಾರೇನಿಲ್ಲ. ಆದರೆ ಟಿಕೆಟ್ಟಿನಲ್ಲಿ ಇವತ್ತಿಗೂ ಸ್ಟೇಷನ್ನಿನ ಹಳೇ ಕೋಡ್ ಯುಬಿಎಲ್. ಹೆಸರು ಹೊಂದುತ್ತಿಲ್ಲ ಅಂತ ಯಾವ ಟಿಸಿಯೂ ಹುಬ್ಬಳ್ಳಿಯನ್ನು ರೈಲಿನಿಂದ ಇಳಿಸಿಲ್ಲ.

ಮನುಷ್ಯರಿಗೆ ಮಾತ್ರ ರೇಷನ್. ಆಧಾರ್ ಲೆಕ್ಕದಲ್ಲಿ ಇಡೀ ಜೀವನಕ್ಕೆ ಹೆಸರು 2 ಸಲ, ಹುಟ್ಟಿದ ದಿನ 1 ಸಲ, ಲಿಂಗ 1 ಸಲ. ಅದರ ಮೇಲೆ ಬೇಕೆಂದರೆ ವಿಶೇಷ ಅರ್ಜಿ. ವಿಳಾಸ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಬಾಡಿಗೆ ಮನೆಯಲ್ಲಿದ್ದವರು ಯಾರೋ ಬರೆದಿರಬೇಕು.

ಟ್ರಾನ್ಸ್‌ಜೆಂಡರ್ ಮಂದಿಗೆ ಚುನಾವಣಾ ಆಯೋಗ 2009ರಲ್ಲೇ ಗಂಡು, ಹೆಣ್ಣಿನ ಪಕ್ಕ 'ಇತರೆ' ಅಂತ ಒಂದು ಖಾನೆ ಕೊಟ್ಟಿತು. 2014ರಲ್ಲಿ ಸುಪ್ರೀಂ ಕೋರ್ಟ್, ನೀವು ಯಾರು ಅಂತ ನೀವೇ ಹೇಳಿ ಅಂದಿತು. 2019ರ ಟ್ರಾನ್ಸ್‌ಜೆಂಡರ್ ಹಕ್ಕುಗಳ ಕಾಯ್ದೆ ಬಂದು, ಹೇಳಿ, ಆದರೆ ಡಿಸಿ ಸಾಹೇಬರ ಸರ್ಟಿಫಿಕೇಟ್ ತಂದು ಹೇಳಿ ಅಂದಿತು. ಎಂಥ ಕಾಳಜಿ! ತಾವು ಗಂಡಸು ಅಂತ ಸಾಹೇಬರು ಯಾರ ಕಡೆಯಿಂದ ಬರೆಸಿಕೊಂಡರೋ.

ಬೂತಿನ ನಿಯಮ ಮಾತ್ರ ಬಹಳ ಉದಾರ. ಕಾರ್ಡಿನಲ್ಲಿ ಅಕ್ಷರ ತಪ್ಪಿದ್ದರೆ ಬಿಟ್ಟುಬಿಡಿ, ಗುರುತು ಸಿಕ್ಕರೆ ಸಾಕು. ಫೋಟೋ ಹೊಂದದಿದ್ದರೆ ಪಾಸ್‌ಬುಕ್ಕೋ ಉದ್ಯೋಗ ಖಾತ್ರಿ ಕಾರ್ಡೋ ತೋರಿಸಿ. ಶಾಸಕರನ್ನು ಆರಿಸಲು ನಡೆಯುವ ಹೆಸರು ಸಿಮ್ ಕಾರ್ಡ್ ತಗೊಳ್ಳಲು ನಡೆಯುವುದಿಲ್ಲ, ಅಲ್ವಾ?

ಆದರೂ ನನಗೆ ಪರಿಚಯದ ಒಬ್ಬ ಟ್ರಾನ್ಸ್‌ಜೆಂಡರ್ ಅಕ್ಕನ ಕಥೆ ಕೇಳಿ. ಇಳಕಲ್ ಸೀರೆ, ಹಣೆ ತುಂಬ ಭಂಡಾರ. ಕಾರ್ಡಿನಲ್ಲಿ ಚಿಗುರು ಮೀಸೆಯ ಹುಡುಗ. ಗಂಡಸರ ಪಾಳಿಯಲ್ಲಿ ನಿಂತರೆ ನಗು, ಹೆಂಗಸರ ಪಾಳಿಯಲ್ಲಿ ಗುಸುಗುಸು. ಒಳಗೆ ಮೊದಲ ಮೇಜಿನವರು ಪಟ್ಟಿಯಲ್ಲಿರುವ ಹೆಸರನ್ನು ಜೋರಾಗಿ ಓದಬೇಕು, ಪಕ್ಷಗಳ ಏಜೆಂಟರಿಗೆ ಕೇಳಿಸಬೇಕು, ಅದು ನಿಯಮ. ಓದಿದರು. ಮನೆ ಬಿಟ್ಟಾಗ ಮನೆಯಲ್ಲೇ ಬಿಟ್ಟು ಬಂದ ಆ ಹೆಸರು ಹೊರಗೆ ನಿಂತ ಓಣಿಯವರಿಗೆಲ್ಲ ಕೇಳಿಸಿತು. ಏಜೆಂಟ್ ಒಬ್ಬ ಕಾರ್ಡು ಇಸ್ಕೊಂಡು ತಿರುಗಿಸಿ ಮುರುಗಿಸಿ ನೋಡಿ, "ಇದು ನೀವ ಏನ್ರೀ?" ಅಂದ.

ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಹೆಸರು ಬದಲಿಸಲು ಸರ್ಟಿಫಿಕೇಟ್ ಬೇಕು, ಸರ್ಟಿಫಿಕೇಟಿಗೆ ಗುರುತಿನ ಚೀಟಿ ಬೇಕು, ಚೀಟಿಯಲ್ಲಿ ಅದೇ ಹಳೇ ಹೆಸರು. ವಿಳಾಸಕ್ಕೆ ಕಾಗದ ತನ್ನಿ ಅಂತೀರಿ, ಇವರಿಗೆ ಬಾಡಿಗೆಗೆ ಮನೆ ಕೊಡುವವರೇ ಕಡಿಮೆ, ಕೊಟ್ಟವರು ಕರಾರುಪತ್ರ ಬರೆದುಕೊಡುವುದಿಲ್ಲ. ಕೌಂಟರಿನ ಈ ಕಡೆ ನಿಂತು ಎಷ್ಟು ಸಲ ತನ್ನ ಮೈಯ ಕಥೆ ಹೇಳಬೇಕು ಒಬ್ಬ ಮನುಷ್ಯ?

ಇನ್ನು ಓಟಿನ ಕಡೆ ಸುಳಿಯೋದಿಲ್ಲ ಅಂದಿದ್ದಾರೆ ಅಕ್ಕ. ಚಿಂತೆ ಬೇಡ. ಮತದಾನ ಕಡಿಮೆ ಆಯ್ತು ಅಂತ ಅಧಿಕಾರಿಗಳು ಜಾಗೃತಿ ಜಾಥಾ ಮಾಡುತ್ತಾರಲ್ಲ, ಅದರ ಮುಂದೆ ಕುಣಿಯೋದಕ್ಕೆ ಅವರನ್ನೇ ಕರೆಸುತ್ತಾರೆ. ಅದಕ್ಕೆ ಯಾವ ದಾಖಲೆಯೂ ಬೇಕಾಗಿಲ್ಲ.