ಕಳಸ ನೋಡಿ ವಾಪಸ್ಸು ಹೋಗುವವರು

ನಾನು ಪುಣೆಗೆ ಬಂದು 14 ವರ್ಷವಾಯಿತು. ಇಲ್ಲಿ ಮಳೆಗಾಲ ಶುರುವಾಗುವ ಹೊತ್ತಿಗೆ ಆಳಂದಿಯಿಂದ ಸಂತ ಜ್ಞಾನೇಶ್ವರರ ಪಲ್ಲಕ್ಕಿ, ದೇಹುವಿನಿಂದ ಸಂತ ತುಕಾರಾಮರ ಪಲ್ಲಕ್ಕಿ ಊರೊಳಗೆ ಬರುತ್ತವೆ. ವಿಠ್ಠಲನ ಭಕ್ತರಾದ ಲಕ್ಷಗಟ್ಟಲೆ ವಾರಕರಿಗಳು ಸುಮಾರು 250 ಕಿಲೋಮೀಟರ್ ನಡೆದು ಆಷಾಢ ಏಕಾದಶಿಗೆ ಪಂಢರಪುರ ಸೇರುತ್ತಾರೆ. ಈ ಕಾಲ್ನಡಿಗೆಯ ಯಾತ್ರೆಗೇ ವಾರಿ ಅನ್ನುತ್ತಾರೆ.

ಅಷ್ಟು ದೂರ ನಡೆದವರು ವಿಠ್ಠಲನ ಪಾದ ಮುಟ್ಟಿಯೇ ಬರುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಸಾಲು ಎಷ್ಟು ಉದ್ದ ಇರುತ್ತದೆಂದರೆ, ಎಷ್ಟೋ ಜನ ಒಳಗೆ ಹೋಗುವುದೇ ಇಲ್ಲ. ಚಂದ್ರಭಾಗೆಯಲ್ಲಿ ಮುಳುಗು ಹಾಕಿ, ಮಹಾದ್ವಾರದಲ್ಲಿ ಸಂತ ನಾಮದೇವರ ಹೆಸರಿನ ಮೆಟ್ಟಿಲಿಗೆ ಹಣೆ ಹಚ್ಚಿ, ತಲೆಯೆತ್ತಿ ಗುಡಿಯ ಕಳಸ ನೋಡಿ ಊರಿಗೆ ಹೊರಡುತ್ತಾರೆ. ನಮ್ಮ ಪಕ್ಕದ ಮನೆಯ ಆಜಿ ಹಾಗೆ ಬಂದವರೇ. "ಬೇಜಾರಾಗಲಿಲ್ವಾ?" ಅಂತ ಕೇಳಿದೆ. "ಯಾಕಪ್ಪಾ? ನಾನು ಹೋಗಿದ್ದು ವಾರಿಗೆ, ವಾರಿ ಆಯ್ತಲ್ಲ" ಅಂದರು.

ಆ ಮಾತು ನನಗೆ ಚುಚ್ಚಿತು. ಅದೇ ವರ್ಷ ನಮ್ಮೂರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ದುಡ್ಡು ಕಳಿಸಿದ್ದೆ. ಊರಿಗೆ ಹೋದಾಗ, ದೇವರಿಗೆ ಕೈ ಮುಗಿಯುವ ಮೊದಲೇ ಕಣ್ಣು ದಾನಿಗಳ ಕಲ್ಲಿನ ಮೇಲೆ ಹೋಯಿತು. ನನ್ನ ಹೆಸರಿರಲಿಲ್ಲ. ಮಂಗಳಾರತಿ ಆಗುವಾಗಲೂ ತಲೆಯಲ್ಲಿ ಅದೇ ಓಡುತ್ತಿತ್ತು. ಹಾಗಾದರೆ ನಾನು ದುಡ್ಡು ಕೊಟ್ಟಿದ್ದು ದೇವರಿಗಾ, ಆ ಕಲ್ಲಿಗಾ? ನಮ್ಮ ಕಡೆ ಗುಡಿಯ ಟ್ಯೂಬ್‌ಲೈಟು, ಫ್ಯಾನು, ಬೆಂಚು ಎಲ್ಲದರ ಮೇಲೂ ಯಾರದೋ ಹೆಸರಿರುತ್ತದೆ. ಅದನ್ನು ನೋಡುತ್ತಲೇ ಬೆಳೆದವರು ನಾವು.

ಮರಾಠಿಗರೆಲ್ಲ ನಿರ್ಮಲ ಮನಸ್ಸಿನವರು, ನಾವು ಅಲ್ಲ ಅಂತ ಹೇಳುತ್ತಿಲ್ಲ. ವಾರಿಯ ದಾರಿಯಲ್ಲೂ ನಾಯಕರ ಫ್ಲೆಕ್ಸ್ ಸಾಲುಸಾಲಾಗಿ ನಿಂತಿರುತ್ತವೆ. ಇದೇ ಪಂಢರಪುರದಲ್ಲಿ ಸಂತಕವಿ ಚೋಖಾಮೇಳರನ್ನು ಜಾತಿಯ ಕಾರಣಕ್ಕೆ ಒಳಗೆ ಬಿಡಲಿಲ್ಲ. 1947ರಲ್ಲಿ ಮರಾಠಿ ಲೇಖಕ, ಸ್ವಾತಂತ್ರ್ಯ ಹೋರಾಟಗಾರ ಸಾನೆ ಗುರೂಜಿ ಉಪವಾಸ ಕೂತ ಮೇಲಷ್ಟೇ ಆ ಬಾಗಿಲು ದಲಿತರಿಗೆ ತೆರೆಯಿತು. ನಮ್ಮ ಉಡುಪಿಯ ಕನಕನ ಕಿಂಡಿಯ ಕಥೆಯೂ ಇದೇ ಅಲ್ವಾ? ಒಳಗಿದ್ದವರಿಗೆ ಮಡಿ ಇತ್ತು, ಮಂತ್ರ ಇತ್ತು. ಆದರೂ ಜನ ಇವತ್ತಿಗೂ ಹೆಸರು ಹಿಡಿದು ನೆನೆಯುವುದು ಹೊರಗೆ ನಿಂತವರನ್ನೇ.

ಬಾಗಲಕೋಟೆ ಕಡೆಯ ಗೆಳೆಯನೊಬ್ಬ ಹೇಳುತ್ತಿರುತ್ತಾನೆ: "ನಮ್ಮಲ್ಲಿ ಯುಗಾದಿಗೆ ಶ್ರೀಶೈಲಕ್ಕೆ ನಡ್ಕೊಂಡು ಹೋಗೋರನ್ನ ಒಮ್ಮೆ ಬಂದು ನೋಡು." ಬಿಸಿಲಲ್ಲಿ ದೇವರ ಕಂಬಿ (ಕಾವಡಿಯಂಥದ್ದು) ಹೊತ್ತು ನಡೆಯುವವರಿಗೆ ದಾರಿಯ ಊರಿನವರು ಊಟ ಹಾಕಿ, ಕಾಲಿಗೆ ಬಿಸಿನೀರು ಕೊಡುತ್ತಾರಂತೆ. ತುಮಕೂರಿನ ಕಡೆಯವನಾದ ನಾನು ಅದನ್ನು ಇನ್ನೂ ನೋಡಿಲ್ಲ. ನೋಡಲೇಬೇಕು.

ಹೋದ ವರ್ಷ ಪಲ್ಲಕ್ಕಿ ಬಂದ ದಿನ ನಮ್ಮ ಅಪಾರ್ಟ್‌ಮೆಂಟಿನವರು ಬಾಳೆಹಣ್ಣು, ಚಹಾ ಹಂಚಿದೆವು. ಹಿಂದೆ ದೊಡ್ಡ ಫ್ಲೆಕ್ಸ್, ಅದರ ತುಂಬ ನಮ್ಮ ಹೆಸರುಗಳು. ಪಕ್ಕದಲ್ಲೇ ಒಬ್ಬ ಚಮ್ಮಾರ ಹರಿದ ಕೊಡೆ ಕೆಳಗೆ ಕೂತು ವಾರಕರಿಗಳ ಚಪ್ಪಲಿ ಹೊಲಿಯುತ್ತಿದ್ದ. ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಕೆಸರು ಮೆತ್ತಿದ ಚಪ್ಪಲಿ ಕೈಗೆ ಬಂದ ಕೂಡಲೇ ಮೊದಲು ಅದನ್ನು ಹಣೆಗೆ ಒತ್ತಿಕೊಳ್ಳುತ್ತಿದ್ದ, ಆಮೇಲೆ ಸೂಜಿ ಹಾಕುತ್ತಿದ್ದ. ಯಾರೂ ಅವನ ಫೋಟೋ ತೆಗೆಯಲಿಲ್ಲ. ಅವನೂ ತಲೆ ಎತ್ತಲಿಲ್ಲ. ಮುದುಕಿಯೊಬ್ಬಳು ಹೊಲಿದ ಚಪ್ಪಲಿ ಮೆಟ್ಟಿಕೊಂಡು, ಬಗ್ಗಿ ಅವನ ಕಾಲು ಮುಟ್ಟಿದಳು. ಅವನು "ಮಾವುಲೀ" ಅಂತ ತಿರುಗಿ ಅವಳ ಕಾಲು ಮುಟ್ಟಿದ. ಮಾವುಲಿ ಅಂದರೆ ತಾಯಿ.

ಈ ಸಲದ ಸಭೆಯಲ್ಲಿ ಫ್ಲೆಕ್ಸ್ ಬೇಡ ಅಂದೆ. ಆ ದುಡ್ಡಿಗೆ ಅವನಿಗೆ ದಾರ, ಮೊಳೆ, ಸೋಲ್, ಒಂದು ಒಳ್ಳೆ ಕೊಡೆ ತಂದುಕೊಡೋಣ ಅಂದೆ. ಇಬ್ಬರು ಒಪ್ಪಿದ್ದಾರೆ. ಉಳಿದವರನ್ನು ಒಪ್ಪಿಸಲು ಇನ್ನೂ ಮೂರು ವಾರ ಇದೆ.